ಬಾಗಿತ್ತು, ಸರಿಪಡಿಸಿದೆ

ಹೆಬ್ಬೆರಳ ಉಗುರಿನಷ್ಟು ಬೆಳ್ಳಿ. ತೂಕ ಒಂದೂಕಾಲು ಗ್ರಾಂ.
ಉಸಿರು ಬಿಟ್ಟರೆ ಮಸುಕಾಗುತ್ತದೆ, ಮತ್ತೆ ಆರುತ್ತದೆ.
ಈ ಮಗ್ಗುಲಲ್ಲಿ ದೊರೆ: ಗಡ್ಡಕ್ಕೆ ಐದು ಚುಕ್ಕಿ,
ಒಂದೊಂದು ಕಿವಿಗೆ ಎರಡೆರಡು ಸುರುಳಿ ಕೂದಲು;
ಹೆಸರು ಮಾತ್ರ ತೀರಿಹೋದ ಅಪ್ಪನದು.
ಅಚ್ಚು ಬದಲಿಸುವ ಉಸಾಬರಿ ಯಾರಿಗೆ ಬೇಕಿತ್ತು?
ಆ ಮಗ್ಗುಲಲ್ಲಿ ಗಿಡ್ಡ ಶಿಲುಬೆ, ಸುತ್ತ ಟಂಕಸಾಲೆಯವನ ಹೆಸರು:
ರೆನಾಲ್ಡ್, ನಾರ್ವಿಚ್ಚಿನವನು.
ಕೊನೆಯ ಅಕ್ಷರ ಅಂಚಿನಾಚೆ ಬಿದ್ದುಹೋಗಿದೆ.

ನಾನು ಹೆಸ್ಟರ್ ಕ್ಯೂಬಿಟ್. ಮೂವತ್ತೊಂದು ವರ್ಷ
ಈ ಊರಿನ ಪಿಯಾನೋಗಳಿಗೆ ಶ್ರುತಿ ಕೂಡಿಸಿದವಳು.
ಈಗ ಕಿವಿ ಮಂದ. ಕಣ್ಣು ಇನ್ನೂ ಇದೆ,
ಹತ್ತು ಪಟ್ಟು ಹಿಗ್ಗಿಸುವ ಮಸೂರವೂ ಇದೆ.
ಗುರುವಾರ ಗ್ರಂಥಾಲಯದ ಮೂಲೆಮೇಜು ನನ್ನದು.
ಹಳೆಯ ಹರಾಜುಗಳ ಪಟ್ಟಿಗಳು, ಬೆನ್ನು ಕಿತ್ತವು,
ಅಂಚಿನಲ್ಲಿ ಯಾರದೋ ಪೆನ್ಸಿಲ್ಲು ಗುರುತಿಸಿದ ಬೆಲೆ:
ಹನ್ನೊಂದು ಶಿಲಿಂಗ್. ಹದಿನಾಲ್ಕು. ಕೊಳ್ಳುವವರಿಲ್ಲ.

ನಾಣ್ಯಕ್ಕೂ ಮಚ್ಚೆಗಳಿರುತ್ತವೆ.
ನನ್ನದಕ್ಕೆ ಗಡಿಯಾರದ ಏಳರ ಜಾಗದಲ್ಲೊಂದು ಸೀಳು,
ಕಣ್ಣಿನ ಕೆಳಗೆ ಮುಳ್ಳು ತಾಕಿದಂಥ ಗೀರು.
ಅವನ್ನೇ ಹಿಡಿದು ಹಿಂದಕ್ಕೆ ನಡೆದೆ,
ಮನೆತನ ವಿಚಾರಿಸುವವರ ಹಾಗೆ.
ನನಗೆ ಮಾರಿದವನು ಇಪ್ಸ್‌ವಿಚ್ಚಿನ ಅಂಗಡಿಯವ,
ಅವನಿಗೆ ಕೊಟ್ಟವಳು ಒಬ್ಬ ಮೋಟಾರು ರಿಪೇರಿಯವನ ವಿಧವೆ,
ಗಂಡ ಕೊಂಡದ್ದು ೧೯೫೧ರಲ್ಲಿ.
ಅದಕ್ಕೂ ಮುಂಚೆ ಹದಿಮೂರು ವರ್ಷ ಏನೂ ಇಲ್ಲ;
ಯುದ್ಧ, ಬಾಂಬು, ಸುಟ್ಟ ಲೆಕ್ಕದ ಪುಸ್ತಕ.
ಆ ಕತ್ತಲಿನ ಆಚೆ ದಡದಲ್ಲಿ ಸಿಕ್ಕವನು
ಲಯನೆಲ್ ಸ್ಟ್ಯಾನರ್ಡ್, ಲೋವೆಸ್ಟಾಫ್ಟಿನ ಹಲ್ಲಿನ ವೈದ್ಯ.
ನಾಣ್ಯದಡಿ ಮಲಗಿದ್ದ ದುಂಡು ಚೀಟಿ ಅವನದೇ,
ಕಂದು ಮಸಿ, ಇರುವೆಸಾಲಿನಂಥ ಬರಹ:
“೧೯೩೨. ಓಲ್ಡೇಕರ್ ಪಾದ್ರಿಯ ಸಂಗ್ರಹದಿಂದ.
ಬಾಗಿತ್ತು. ಸರಿಪಡಿಸಿದೆ.”

ಅವನ ಮೊಮ್ಮಗಳಿಗೆ ಫೋನು ಮಾಡಿದೆ.
“ನಾಣ್ಯವೇ? ಮುಟ್ಟಬಾರದ ಒಂದು ಡ್ರಾಯರಿತ್ತು.
ಲವಂಗದೆಣ್ಣೆಯ ವಾಸನೆ. ಅಷ್ಟೇ ಗೊತ್ತು” ಎಂದಳು.
ಫೋನಿಟ್ಟು ಚೀಟಿಯನ್ನು ಮೂಸಿ ನೋಡಿದೆ.
ಬಹುಶಃ ಲವಂಗ. ಬಹುಶಃ ನನ್ನ ಆಸೆ.

ಪಾದ್ರಿಯ ಹರಾಜಿನ ಪಟ್ಟಿ ಸಿಕ್ಕಿದ್ದು ನವೆಂಬರಿನಲ್ಲಿ.
ನಾಲ್ಕನೆಯ ಚಿತ್ರಪುಟ, ಮೂರನೆಯ ಸಾಲು.
ಸುಣ್ಣದಚ್ಚಿನ ಫೋಟೋ, ಹಾಲಿನಂತೆ ಬಿಳಿ.
ಅದೇ ಸೀಳು, ಅದೇ ಗೀರು,
ಆದರೆ ದೊರೆಯ ಅರ್ಧ ಮುಖಕ್ಕೆ ನೆರಳು.

ನೇಗಿಲು ಹಾಗೆ ಬಗ್ಗಿಸುವುದಿಲ್ಲ.
ಅದು ಎರಡು ಹೆಬ್ಬೆರಳುಗಳ ಕೆಲಸ.
ಆ ಕಾಲದಲ್ಲಿ, ಮಗು ಜ್ವರದಲ್ಲಿ ಬೇಯುವಾಗ,
ಹಣೆಯ ಮೇಲೆ ಪೆನ್ನಿ ಹಿಡಿದು
ಸಂತನ ಹೆಸರು ಹೇಳಿ ಬಗ್ಗಿಸುತ್ತಿದ್ದರು.
ಬಗ್ಗಿದ್ದು ಮುಡಿಪು. ಇನ್ನು ರೊಟ್ಟಿಗೆ ಸಲ್ಲದು, ಬೀರಿಗೆ ಸಲ್ಲದು,
ಹೊತ್ತು ನಡೆದು ಸಂತನ ಗೋರಿಗೆ ಒಪ್ಪಿಸಬೇಕು.
ಇದು ಗೋರಿ ತಲುಪಲಿಲ್ಲ.
ಬಾರ್ಲಿ ಹೊಲದಲ್ಲಿ ಬಿದ್ದಿತ್ತು, ಆರುನೂರು ಚಿಲ್ಲರೆ ವರ್ಷ.
ಚೀಲ ತೂತಾಗಿತ್ತೋ,
ನಡುದಾರಿಯಲ್ಲಿ ಯಾರೋ ಹಿಂದಿನಿಂದ ಓಡಿಬಂದು
ಇನ್ನು ಹೋಗಬೇಕಾಗಿಲ್ಲ ಎಂದರೋ.

ಸ್ಟ್ಯಾನರ್ಡ್ ಕೆಟ್ಟವನಲ್ಲ. ಸೊಟ್ಟಗಿದ್ದದ್ದು ಕಂಡರೆ
ನೆಟ್ಟಗೆ ಮಾಡುವುದು ಅವನ ಕಸುಬು.
ನಾನೂ ಅದೇ ಕಸುಬಿನವಳು: ಒಮ್ಮೆ ಟಾಂಬ್‌ಲ್ಯಾಂಡಿನಲ್ಲಿ
ಸ್ವರ ಇಳಿದಿದ್ದ ಪಿಯಾನೋವೊಂದನ್ನು ಇಡೀ ಮಧ್ಯಾಹ್ನ ತಿದ್ದಿ
ಬೆವರು ಒರೆಸಿಕೊಳ್ಳುವಾಗ ಮನೆಯ ಮಗಳು
ಒಂದೇ ಮನೆ ಒತ್ತಿ ನೋಡಿ ಹೇಳಿದಳು:
“ಸರಿಯಾಗಿದೆ. ಇದು ಅಮ್ಮನದಲ್ಲ.”

ನಿನ್ನೆ ರಾತ್ರಿ ಬೆಳ್ಳಿಯನ್ನು ಹೆಬ್ಬೆರಳುಗಳ ನಡುವೆ ಹಿಡಿದು ಕೂತೆ.
ಒತ್ತಲಿಲ್ಲ. ಬಗ್ಗಿ ನೆಟ್ಟಗಾದದ್ದು
ಇನ್ನೊಮ್ಮೆ ಬಗ್ಗಿದರೆ ಮುರಿಯುತ್ತದೆ.
ಹಾಗೆ ನೋಡಿದರೆ ನನಗೆ ಹರಕೆಯೂ ಇಲ್ಲ.
ದೀಪ ಓರೆ ಮಾಡಿದಾಗ ಮಾತ್ರ
ದೊರೆಯ ಮೂಗಿನ ಮೇಲೆ ಕೂದಲೆಳೆಯಷ್ಟು ಗೆರೆ.

ಹೊಸ ಚೀಟಿ ಕತ್ತರಿಸಿದೆ. ಹೆಸರು, ತಾರೀಕು, ಕೊಟ್ಟ ಬೆಲೆ.
ಅವನ ಚೀಟಿಯನ್ನು ಬಿಸಾಡಲಿಲ್ಲ,
ಅದೂ ಈಗ ಮನೆತನವೇ.
ನನ್ನದರ ಕೊನೆಗೆ ಪೆನ್ಸಿಲ್ಲಿನಲ್ಲಿ ಬರೆದೆ:
ಮಗು ಏನಾಯಿತು, ತಿಳಿದುಬಂದಿಲ್ಲ.